ಹಳೇ ಪೈಪಿಗೆ ಹೊಸ ವಾಲ್ವ್

ನಮ್ಮಪ್ಪನಿಗೆ ಏನು ಹೇಳಿದರೂ ಅದು ಕೊನೆಗೆ ನಲ್ಲಿಯ ಕಡೆಗೇ ಹರಿಯುತ್ತದೆ. ಜೀವನವಿಡೀ ಪ್ಲಂಬರ್ ಆಗಿದ್ದವನು. ಯಾರದ್ದೋ ಮದುವೆ ಮುರಿಯಿತು ಅಂದರೆ "ಜಾಯಿಂಟ್ ಸರಿ ಕೂತಿರಲಿಲ್ಲ" ಅನ್ನುತ್ತಾನೆ. ಬಾಯಿ ನಿಲ್ಲಿಸದ ಪಕ್ಕದ ಮನೆಯವರಿಗೆ "ವಾಷರ್ ಹೋಗಿದೆ" ಅನ್ನುತ್ತಾನೆ. ಚಿಕ್ಕಂದಿನಲ್ಲಿ ರಜೆ ಬಂದರೆ ನನ್ನನ್ನೂ ಕೆಲಸಕ್ಕೆ ಕರೆದೊಯ್ಯುತ್ತಿದ್ದ. ಅವನು ಕೆಳಗೆ ಹೋಗಿ ಲೈನ್ ಬಿಡುವುದು, ಅಂದರೆ ಪೈಪಿಗೆ ನೀರು ಹರಿಸುವುದು, ನಾನು ಮೇಲೆ ಹೊಸ ಜಾಯಿಂಟಿನ ಹತ್ತಿರ ಕಣ್ಣಿಟ್ಟು ಕೂತು "ಸೋರ್ತಿಲ್ಲಪ್ಪಾ!" ಎಂದು ಕೂಗುವುದು. ಆಗೆಲ್ಲ ಅವನ ಮಾತಿಗೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಹೃದಯದ ಡಾಕ್ಟರಮ್ಮ ಅವನೆದುರಿಗೆ ಕೂತು 'ವಾಲ್ವ್' ಎಂಬ ಮಾತು ಆಡಿದ ದಿನದಿಂದ ಆ ನಗು ನಿಂತುಹೋಗಿದೆ.

"ಹೃದಯದಿಂದ ಮೈಗೆಲ್ಲ ರಕ್ತ ಹೋಗೋ ಬಾಗಿಲು ಇದು. ಅದಕ್ಕೆ ಸುಣ್ಣ ಕಟ್ಟಿದೆ. ಸರಿಯಾಗಿ ತೆರೆಯೋದೇ ಇಲ್ಲ" ಎಂದು ಅವರು ಪರದೆ ತೋರಿಸಿ ಹೇಳಿದರು.

ಅಪ್ಪ ಮುಂದಕ್ಕೆ ಬಗ್ಗಿ ನೋಡಿದ. ಹೆದರಿಕೆ ಇಲ್ಲ, ಕಸುಬಿನ ಕುತೂಹಲ. "ಆಸಿಡ್ ಹಾಕಿ ತೊಳೆಯೋಕಾಗಲ್ವಾ?"

"ಆಗಲ್ಲ ಯಜಮಾನ್ರೇ. ಬದಲಾಯಿಸಲೇಬೇಕು. ಹೀಗೇ ಬಿಟ್ರೆ ಹೆಚ್ಚು ದಿನ ತಡೆಯಲ್ಲ. ಹಾಂ, ಇದು ಮನೆತನದಲ್ಲಿ ಹರೀಬಹುದು. ಮಗಳೂ ಒಂದು ಸ್ಕ್ಯಾನ್ ಮಾಡಿಸ್ಕೊಳ್ಳಲಿ."

"ನೋಡೋಣ" ಅಂದ ಅಪ್ಪ. ನಮ್ಮ ಮನೆಯಲ್ಲಿ 'ನೋಡೋಣ' ಅಂದರೆ 'ಆಗಲ್ಲ' ಎಂದರ್ಥ. ಅಮ್ಮ ನನ್ನ ಮುಖ ನೋಡಿದಳು. ಮಗಳು ಓದಿದವಳು, ಅದೂ ಇದೇ ವಿಷಯ ಓದಿದವಳು, ಅವಳು ಒಪ್ಪಿಸುತ್ತಾಳೆ ಎಂಬ ಭರವಸೆ ಪಾಪ ಅವಳಿಗೆ.

ಇದೇ ವಿಷಯ ಓದಿದವಳು ಎನ್ನುವುದು ನಿಜ. ನನ್ನ ಪ್ರಯೋಗಾಲಯದಲ್ಲಿ ನಾವು ಜೀವಕೋಶಗಳ ಮುಪ್ಪನ್ನು ಅಳೆಯುತ್ತೇವೆ. ಕೋಶದೊಳಗಿನ ವರ್ಣತಂತುಗಳಿಗೆ ತುದಿಗಳಿರುತ್ತವೆ. ಕೋಶ ಒಡೆದು ಎರಡಾದಾಗಲೆಲ್ಲ ಆ ತುದಿ ಒಂಚೂರು ಸವೆಯುತ್ತದೆ. ಹುಟ್ಟಿನಿಂದಲೇ ಗಿಡ್ಡ ತುದಿ ಪಡೆದು ಬಂದವರಿಗೆ ಹೃದಯದ ವಾಲ್ವೂ ಬೇಗ ಗಟ್ಟಿಯಾಗುತ್ತದೆಯೇ, ಎರಡೂ ಒಂದೇ ಬೇರಿನಿಂದ ಬಂದವೇ ಎಂಬುದು ನಮ್ಮ ಪ್ರಶ್ನೆ. ಸಾವಿರಾರು ಜನರ ರಕ್ತ ಹಿಂಡಿ ನೋಡಿದರೂ ಉತ್ತರ ಒಂದು ದಿನ ಹೌದು ಅನ್ನುತ್ತದೆ, ಇನ್ನೊಂದು ದಿನ ಅಲ್ಲ ಅನ್ನುತ್ತದೆ. ಊರವರ ಕೋಶಗಳ ಜೊತೆ ಗುದ್ದಾಡಿ ಸಾಕಾಗಿ ಮನೆಗೆ ಬಂದರೆ ಇಲ್ಲಿ ಅಪ್ಪ. ಹಿತ್ತಲ ಗಿಡ ಮದ್ದಲ್ಲ ಅನ್ನುವುದನ್ನು ನನ್ನನ್ನು ನೋಡಿಯೇ ಹೇಳಿರಬೇಕು.

ಅವನಿಗೆ ಅರ್ಥವಾಗಲಿ ಎಂದು ನಾನೊಂದು ಜಾಣತನ ಮಾಡಿದೆ. "ನೋಡಪ್ಪ, ಪೈಪಿಗೆ ಹೊಸದಾಗಿ ತಿರುಪಿನ ತ್ರೆಡ್ ಹಾಕೋವಾಗ ಪ್ರತಿ ಸಲ ತುದಿ ಸ್ವಲ್ಪ ಕತ್ತರಿಸ್ತೀಯಲ್ಲ? ಪೈಪು ಗಿಡ್ಡ ಆಗ್ತಾ ಬರುತ್ತಲ್ಲ? ಹಂಗೇ ಇದು."

ಅಪ್ಪನ ಕಣ್ಣು ಮಿಂಚಿತು. ನನ್ನ ಕೆಲಸ ಏನೆಂದು ಅವನಿಗೆ ಮೊದಲ ಸಲ ತಿಳಿಯಿತು. "ಹಾಗಾದ್ರೆ ನಂದೂ ಅಳತೆ ಹಾಕು" ಎಂದು ತೋಳು ಚಾಚಿದ. ನನ್ನ ಮೇಲಿನವರನ್ನು ಕೇಳಿ, ಅವನ ರಕ್ತವನ್ನು ಅಳೆದೆ. ತುದಿಗಳು ಗಿಡ್ಡವೇ ಇದ್ದವು, ನಾನು ಅಂದುಕೊಂಡದ್ದಕ್ಕಿಂತ ಬಹಳ ಗಿಡ್ಡ. ನನಗೆ ಹೆದರಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಇದೊಂದನ್ನು ಹೇಳಿದರೆ ಸಾಕು, ಮರುದಿನವೇ ಆಪರೇಷನ್ನಿಗೆ ಒಪ್ಪುತ್ತಾನೆ ಎಂದುಕೊಂಡೆ.

ಊಟಕ್ಕೆ ಕೂತಾಗ ಹೇಳಿದೆ. "ಅಪ್ಪ, ನಿನಗೆ ಅರವತ್ತೆರಡು. ನಿನ್ನ ಜೀವಕೋಶ ನೋಡಿದ್ರೆ ಎಂಬತ್ತರ ಮುದುಕಂದು ಅನ್ನಬೇಕು. ಅದಕ್ಕೇ ತಡ ಮಾಡಬೇಡ ಅನ್ನೋದು."

ಅಪ್ಪ ತಟ್ಟೆಯಲ್ಲಿ ಕೈ ನಿಲ್ಲಿಸಿ ಯೋಚಿಸಿದ. "ಅಂದ್ರೆ ವಾಲ್ವ್ ಅಷ್ಟೇ ಅಲ್ಲ, ಪೈಪೇ ಹೋಗಿದೆ ಅನ್ನು."

"ಪೈಪು ಅಂತಲ್ಲ..."

"ಮತ್ತೆ ಮುಗೀತಲ್ಲ. ಹಳೇ ಪೈಪಿಗೆ ಹೊಸ ವಾಲ್ವ್ ಹಾಕಬಾರದು ಕಣೇ. ಹಳೇ ವಾಲ್ವಿನ ಜೊತೆ ಹಳೇ ಪೈಪು ಹೆಂಗೋ ಹೊಂದ್ಕೊಂಡು ಹೋಗ್ತಿರುತ್ತೆ. ನೀನು ಹೊಸದು ಕೂರಿಸಿ ಪೂರ್ತಿ ಪ್ರೆಷರ್ ಬಿಟ್ಟೆ ಅನ್ಕೋ, ಇನ್ನೆಲ್ಲೋ ಗೋಡೆ ಒಳಗೆ ಒಡೆಯುತ್ತೆ. ಎಷ್ಟು ಮನೇಲಿ ನೋಡಿಲ್ಲ ನಾನು!"

"ರಕ್ತನಾಳ ಕಬ್ಬಿಣದ್ದಲ್ಲಪ್ಪ! ಅದಕ್ಕೂ ಇದಕ್ಕೂ ಏನು ಸಂಬಂಧ?"

"ತ್ರೆಡ್ ಹಾಕಿದ ಹಂಗೆ ಅಂತ ನೀನೇ ಹೇಳಿದ್ದಲ್ವಾ?"

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದೆ. ಆಮೇಲೆ ಎಷ್ಟು ಬಿಡಿಸಿಕೊಳ್ಳಲು ನೋಡಿದರೂ ಗಂಟು ಬಿಗಿಯಾಗುತ್ತಲೇ ಹೋಯಿತು. "ಸರಿ, ಆ ತುದಿ ಗಿಡ್ಡ ಆಗಿದ್ದಕ್ಕೇ ನನ್ನ ವಾಲ್ವ್ ಹೋಯ್ತಾ?" ಎಂದು ಕೇಳಿದ. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಇರಬಹುದು. ಇಲ್ಲದೇನೂ ಇರಬಹುದು. ಇನ್ನೂ ನೋಡ್ತಾ ಇದೀವಿ" ಅಂದೆ.

"ಇದನ್ನ ಹೇಳೋಕೆ ಇಷ್ಟು ವರ್ಷ ಓದಿದ್ಯಾ ನೀನು?"

ಅಮ್ಮ ನಕ್ಕುಬಿಟ್ಟಳು. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ. ಆ ಸಿಂಕಿನ ನಲ್ಲಿಯನ್ನೂ ಅವನೇ ಹಾಕಿದ್ದು, ಇವತ್ತಿಗೂ ಒಂದು ಹನಿ ತೊಟ್ಟಿಕ್ಕುವುದಿಲ್ಲ. ಅದನ್ನು ನೋಡಿ ಇನ್ನೂ ಸಿಟ್ಟು ಬಂತು.

ಆಮೇಲಿನ ತಿಂಗಳುಗಳಲ್ಲಿ ನಾನು ಬೇಡಿದೆ, ಬೈದೆ, ಅತ್ತೆ. ಚಿತ್ರ ಬರೆದು ತೋರಿಸಿದೆ. ಎದೆ ಕೊಯ್ಯದೆ ತೊಡೆಯ ನಾಳದಿಂದಲೂ ವಾಲ್ವ್ ಕೂರಿಸಬಹುದು ಎಂದು ವಿವರಿಸಿದರೆ, "ಮೇನ್ ಲೈನ್ ಬಂದ್ ಮಾಡ್ದೆ ಕೆಲಸ ಮಾಡ್ತಾರಾ? ಹುಚ್ಚರು" ಅಂದ. ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ. "ನಿಮ್ಮಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು, ನೀನು ಯಾಕೆ ಗಂಟಲು ಹರ್ಕೊಳ್ತೀಯ" ಎನ್ನುವುದು ಅಮ್ಮನ ಸಮಾಧಾನ. ಅವಳಿಗೂ ನಿದ್ದೆ ಇರಲಿಲ್ಲ ಅನ್ನುವುದು ಅವಳ ಕಣ್ಣಲ್ಲೇ ಕಾಣುತ್ತಿತ್ತು.

ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಅಪ್ಪ ಮೆಟ್ಟಿಲ ಮಧ್ಯದಲ್ಲಿ ನಿಂತು ಗೋಡೆಯ ಮೇಲಿನ ಪೈಪನ್ನು ತಟ್ಟಿ ನೋಡಲು ಶುರುಮಾಡಿದ. ಯಾರಾದರೂ ಎದುರಿಗೆ ಬಂದರೆ "ಸ್ವಲ್ಪ ತೇವ ಇದೆ ಇಲ್ಲಿ" ಅನ್ನುತ್ತಿದ್ದ. ತೇವ ಗೀವ ಏನೂ ಇರಲಿಲ್ಲ. ಉಸಿರು ಸಾಲುತ್ತಿರಲಿಲ್ಲ, ಅಷ್ಟೇ. ಒಂದು ಸಂಜೆ ನಾನು ಕೆಲಸದಿಂದ ಬರುವಾಗ ಅವನು ಅದೇ ಪೈಪನ್ನು ಎರಡೂ ಕೈಯಿಂದ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಮನೆಯೊಳಗೆ ಮಲಗಿಸಿ ನಾನು ಕಿರುಚಾಡಿದೆ. "ಸಾಯಬೇಕು ಅಂತಿದ್ರೆ ನೇರವಾಗಿ ಹೇಳಿಬಿಡು! ಪೈಪಿನ ಕತೆ ಯಾಕೆ ಹೇಳ್ತೀಯ?"

ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ. "ಡಾಕ್ಟರಮ್ಮ ನಿನಗೂ ಸ್ಕ್ಯಾನ್ ಮಾಡಿಸು ಅಂದಿದ್ರಲ್ಲ. ಮಾಡಿಸಿದ್ಯಾ?"

ಮಾಡಿಸಿರಲಿಲ್ಲ. ಬಿಡುವಿರಲಿಲ್ಲ. ಬಿಡುವು ಇದ್ದಾಗ ಮನಸ್ಸಿರಲಿಲ್ಲ.

"ಊರಿಗೆಲ್ಲ ಹೇಳ್ತೀಯ. ಮೊದಲು ನೀನು ಹೋಗು, ಆಮೇಲೆ ನಂಗೆ ಹೇಳು."

"ಹೋಗ್ತೀನಿ. ನಂದು ಸರಿಯಾಗಿದೆ ಅಂತ ಬಂದ ಕೂಡ್ಲೆ ನೀನು ಒಪ್ಕೋಬೇಕು" ಅಂದೆ. ಅಪ್ಪ "ನೋಡೋಣ" ಅಂದ.

ಹೀಗೆ, ವಾದ ಗೆಲ್ಲಲೆಂದೇ ನಾನು ಸ್ಕ್ಯಾನ್ ಕೋಣೆಯ ಮಂಚದ ಮೇಲೆ ಮಲಗಿದ್ದು. ಅಪ್ಪ ಅಮ್ಮ ಇಬ್ಬರೂ ಒಳಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದೆಗೆ ಹಚ್ಚಿದ ಜೆಲ್ಲಿನ ಅಂಟು ತಣ್ಣಗಿತ್ತು. ಯಂತ್ರ ಹಿಡಿದಿದ್ದ ಹುಡುಗಿ ಮೊದಲು ಏನೇನೋ ಮಾತಾಡುತ್ತಿದ್ದಳು, ಆಮೇಲೆ ಒಂದೇ ಕಡೆ ಮತ್ತೆ ಮತ್ತೆ ಒತ್ತಿ ನೋಡಿದಳು, ಆಮೇಲೆ ಎದ್ದುಹೋಗಿ ಡಾಕ್ಟರಮ್ಮನನ್ನು ಕರೆತಂದಳು. ಅಷ್ಟು ಹೊತ್ತಿಗೆ ಪರದೆಯ ಮೇಲಿನದು ನನಗೇ ಕಂಡಿತ್ತು.

"ಈ ವಾಲ್ವಿಗೆ ಮೂರು ಎಸಳಿರಬೇಕು. ನಿಮ್ಮದು ಎರಡು" ಅಂದರು ಅವರು. "ಹುಟ್ಟಿನಿಂದಲೇ ಹೀಗಿರುತ್ತೆ. ಬಹುಶಃ ನಿಮ್ಮಪ್ಪಂದೂ ಹೀಗೇ ಇತ್ತೇನೋ, ಸುಣ್ಣ ಮುಚ್ಚಿಕೊಂಡಿದ್ದಕ್ಕೆ ನಮಗೆ ಎಣಿಸೋಕಾಗಲಿಲ್ಲ. ಈಗೇನೂ ತೊಂದರೆ ಇಲ್ಲ. ಆಗಾಗ ನೋಡ್ತಿರೋಣ. ಆದ್ರೆ ಇಂಥದ್ದು ಬೇಗ ಸವೆಯುತ್ತೆ. ಮುಂದೆ ಒಂದು ದಿನ ನಿಮಗೂ ಬದಲಾಯಿಸಬೇಕಾಗಬಹುದು."

ಅಪ್ಪ ಹಿಡಿದ ಮೊಲಕ್ಕಾದರೂ ಮೂರು ಕಾಲಿತ್ತು. ನನಗೆ ಅಳು ಬರಲಿಲ್ಲ, ರೇಗಿತು. ವರ್ಷಗಟ್ಟಲೆ ಕಂಡವರ ರಕ್ತದಲ್ಲಿ ಸೂಜಿಮೊನೆಗಿಂತ ಸಣ್ಣ ತುದಿಗಳನ್ನು ಹುಡುಕುತ್ತಾ ಕೂತಿದ್ದೆ, ಇದು ಇಲ್ಲೇ, ನನ್ನ ಎದೆಯೊಳಗೇ ಬಡಿದುಕೊಳ್ಳುತ್ತಿತ್ತು. ನನ್ನ ತುದಿಗಳು ಎಷ್ಟು ಉದ್ದ ಎಂದು ಒಂದು ದಿನವೂ ಅಳೆದಿರಲಿಲ್ಲ. ಅಳೆದಿದ್ದರೂ ಏನು ಹೇಳುತ್ತಿತ್ತು? ಇರಬಹುದು, ಇಲ್ಲದೆಯೂ ಇರಬಹುದು.

ಅಂಟು ಒರೆಸಿಕೊಂಡು ಎದ್ದು ಕೂತಾಗ ಅಪ್ಪ ಡಾಕ್ಟರಮ್ಮನ ಎದುರು ನಿಂತಿದ್ದ.

"ನಂದು ಯಾವತ್ತು ಮಾಡ್ತೀರಿ?"

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಸಂತೋಷಪಡಬೇಕಿತ್ತು ನಾನು. ನನ್ನ ಬಾಯಿಂದ ಬಂದದ್ದೇ ಬೇರೆ. "ಈಗ ಯಾಕೆ? ನಾನು ಅಷ್ಟು ಬಡ್ಕೊಂಡಾಗ ಕೇಳಲಿಲ್ಲ. ಒಡೆದುಹೋಗುತ್ತೆ ಅಂದ್ಯಲ್ಲ?"

"ಒಡೆದ್ರೂ ಒಡೀಬಹುದು" ಅಂದ ಅಪ್ಪ. ಹಟವಿರಲಿಲ್ಲ ಆ ದನಿಯಲ್ಲಿ. "ನಿಂದೂ ನಂದೂ ಒಂದೇ ಮಾಲು ಕಣೇ. ಹೊಸ ವಾಲ್ವ್ ಈ ಪೈಪಲ್ಲಿ ನಿಲ್ಲುತ್ತೋ ಇಲ್ವೋ, ಮೊದಲು ಹಳೇ ಲೈನಲ್ಲಿ ಹಾಕಿ ನೋಡಬೇಕು. ಹೊಸ ಲೈನಲ್ಲಿ ನೋಡಬಾರದು."

ಅಂದರೆ ಇಷ್ಟು ದಿನದ ನನ್ನ ಒಂದು ಮಾತನ್ನೂ ಅವನು ನಂಬಿರಲಿಲ್ಲ. ಒಡೆಯುತ್ತದೆ ಎಂದೇ ನಂಬಿದ್ದ. ಹಾಗೆ ನಂಬಿಕೊಂಡೇ ನನಗಿಂತ ಮೊದಲು ಆಪರೇಷನ್ ಮೇಜಿನ ಮೇಲೆ ಮಲಗಲು ಹೊರಟಿದ್ದ. ಹಾಗಲ್ಲಪ್ಪ, ಒಡೆಯುವುದಿಲ್ಲ, ಮೈ ಅಂದರೆ ಪೈಪಲ್ಲ ಎಂದು ಮತ್ತೆ ಮೊದಲಿಂದ ಶುರುಮಾಡಲು ಬಾಯಿ ತೆರೆದೆ.

ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟ. ಆ ಕೈ ಈಗಲೂ ಕೊರಡಿನಷ್ಟು ಗಟ್ಟಿ.

"ನಾನು ಲೈನ್ ಬಿಡ್ತೀನಿ" ಅಂದ. "ನೀನು ಜಾಯಿಂಟ್ ಹತ್ರ ಕೂತು ನೋಡ್ಕೋ. ಸೋರಿದ್ರೆ ಹೇಳು."