ಗಂಜಲ ಕುಡಿದ ಮೊಬೈಲು

"ನಿನ್ನ ಕಿವಿ ಬೆವ್ರು ಇಳಿದೇ ಸತ್ತೋಗಿರೋದು ಕಣ್ಲಾ ಇದು, ಬೋಳಿಮಗನೆ" ಎಂದು ತೋಟದ ಯಜಮಾನರಾದ ಏಕಾಂತಯ್ಯನವರು ಮೊಬೈಲನ್ನು ಆಂಜನಪ್ಪನ ಮುಖದೆದುರು ಅಲ್ಲಾಡಿಸಿದರು.

ತೆಂಗಿನ ಮರದಿಂದ ಈಗಷ್ಟೇ ಇಳಿದಿದ್ದ ಆಂಜನಪ್ಪ ತಲೆ ತಗ್ಗಿಸಿ ನಿಂತಿದ್ದ. ದುರದೃಷ್ಟಕ್ಕೆ, ಆರೋಪದ ಸಾಕ್ಷಿ ಅವನ ಮೈಮೇಲೆಯೇ ಧಾರಾಳವಾಗಿ ಹರಿಯುತ್ತಿತ್ತು.

ಆ ಮೊಬೈಲನ್ನು ಯಜಮಾನರ ಅಳಿಯ ಜ್ಞಾನೇಶ್ ತಿಪಟೂರಿನ ಸೈಬರ್ ಸೆಂಟರಿನಲ್ಲಿ ಕುಳಿತು ಇಂಟರ್‌ನೆಟ್ಟಿನಲ್ಲಿ ಆರಿಸಿ ತರಿಸಿದ್ದ. ರಟ್ಟಿನ ಪೆಟ್ಟಿಗೆ ಬಂದ ದಿನ ಊರೇ ನೋಡಲು ನೆರೆದಿತ್ತು. ಅದು ಯಾರ ಯಾರ ಕೈ ದಾಟಿ ಬಂತೆಂದು ಅಂದು ಯಾರೂ ವಿಚಾರಿಸಲಿಲ್ಲ.

ತೊಡಕು ಶುರುವಾದದ್ದು ತೋಟದಲ್ಲಿ. ನೆಲದ ಮೇಲೆ ಇಲ್ಲದ ಸಿಗ್ನಲ್ಲು ಮರದ ತುದಿಯಲ್ಲಿತ್ತು. ಮರಕ್ಕೂ ಯಜಮಾನರಿಗೂ ನಡುವೆ ಅವರ ಹೊಟ್ಟೆಯಿತ್ತು. ಹಾಗಾಗಿ ಊರಾಚೆಯ ಹಟ್ಟಿಯ ಆಂಜನಪ್ಪನೇ ಹತ್ತಿ, ಕೊಬ್ಬರಿ ಮಂಡಿಯವರೊಂದಿಗೆ ಮಾತನಾಡಿ, ಇಳಿದು ಬಂದು ಸುದ್ದಿ ಒಪ್ಪಿಸುತ್ತಿದ್ದ. ಅವನ ಕೆನ್ನೆಗೆ ತಾಗಿದ ಮೊಬೈಲು ಹೊಸ್ತಿಲು ದಾಟುವ ಮುನ್ನ ಗಂಜಲದಿಂದ ಶುದ್ಧಿಯಾಗಬೇಕೆಂಬುದು ಯಜಮಾನರ ಮಡದಿ ಗಿರಿಜಾಂಬಿಕಾ ಅವರ ಕಟ್ಟಳೆ. ಮೊದಮೊದಲು ನಾಲ್ಕು ಹನಿ ಚಿಮುಕಿಸುತ್ತಿದ್ದರು. ಗುಂಡಿಗಳ ಸಂದಿಯಲ್ಲೂ ಮೈಲಿಗೆ ಅಡಗಿದ್ದೀತೆಂಬ ಅನುಮಾನ ಬಲಿತ ಮೇಲೆ ಚೊಂಬನ್ನೇ ಬಗ್ಗಿಸಿದರು. ಶುದ್ಧಿ ಮಾಡುವುದು ಕೆಡಿಸಲೂಬಹುದೆಂಬ ಯೋಚನೆ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಏಕಾಂತಯ್ಯನವರು ಜಗಲಿಯಲ್ಲಿ ನ್ಯಾಯ ಹೇಳಿದರು. ರಿಪೇರಿಯವನು ಬೆವರೆಂದರೆ ಆಂಜನಪ್ಪ ಗುಡಿಯ ಮುಂದೆ, ಊರೆದುರು ಕಾಲಿಗೆ ಬೀಳಬೇಕು. ಅಪ್ಪನ ಕಾಲದಿಂದ ಹತ್ತುತ್ತಿದ್ದ ಮರಗಳನ್ನು ಬೇರೆಯವನಿಗೆ ಬಿಡಬೇಕು.

ಯಜಮಾನರು ಸ್ಕೂಟರಿನಲ್ಲಿ, ಆಂಜನಪ್ಪ ಬಸ್ಸಿನಲ್ಲಿ ತಿಪಟೂರು ಸೇರಿದರು. ಯಾಸೀನನ ರಿಪೇರಿ ಅಂಗಡಿಯಲ್ಲಿ ಕೊಬ್ಬರಿ ವರ್ತಕರು ಕಿಕ್ಕಿರಿದಿದ್ದರು. ಯಾಸೀನ್ ತಿರುಪು ಬಿಚ್ಚಿದ. ಒಳಗೆ ಹಳದಿ ಪಸೆ. ಮೂಸಿದ, ನಂಬಲಾಗದೆ ಮತ್ತೊಮ್ಮೆ ಮೂಸಿದ.

"ಬೆವರು ತಾನೇ?" ಯಜಮಾನರು ಅವಸರಿಸಿದರು.

"ಅಲ್ಲ ಯಜಮಾನ್ರೆ," ಯಾಸೀನ್ ಬಲು ವಿನಯದಿಂದ ಕೇಳಿದ. "ರಾತ್ರಿ ಹೊತ್ತು ಇದ್ನ ಕೊಟ್ಟಿಗೇಲಿ ಕಟ್ತೀರಾ?"

ಒಬ್ಬ ವರ್ತಕ ಕೆಮ್ಮಿದ. ಇನ್ನೊಬ್ಬ ಬೀದಿಯತ್ತ ತಿರುಗಿ ಭುಜ ಕುಣಿಸಿದ.

ಯಾಸೀನ್ ಸ್ಪಿರಿಟ್ಟಿನಲ್ಲಿ ತಿಕ್ಕಿ, ಒಣಗಿಸಿ, ಬ್ಯಾಟರಿ ಕೂರಿಸಿ ಮೊಬೈಲನ್ನು ಕೌಂಟರಿನ ಮೇಲಿಟ್ಟ. ಪರದೆ ಬೆಳಗಿತು. ಏಕಾಂತಯ್ಯನವರು ಅವನ ಕಿವಿಯತ್ತ ಬಾಗಿ, ಊರವರು ಕೇಳಿದರೆ ಬೆವರೆಂದೇ ಹೇಳುವಂತೆ ಪಿಸುಗುಟ್ಟಿದರು. ಆ ಪಿಸುಮಾತು ಆಂಜನಪ್ಪನಿಗೂ ಕೇಳಿಸಿತು.

ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಯಜಮಾನರು ನೆಟ್ಟಗಾಗುವ ಮೊದಲೇ ಆಂಜನಪ್ಪ ಅದನ್ನೆತ್ತಿ ಕಿವಿಗೊತ್ತಿಕೊಂಡ. ಮನೆಯ ಫೋನಿನಿಂದ ಗಿರಿಜಾಂಬಿಕಾ. ಜಗಲಿಯಲ್ಲಿ ಊರವರು ಕಾಯುತ್ತಿದ್ದಾರೆ, ರಿಪೇರಿಯವನು ಏನೆಂದನೆಂದು ಕೇಳಿದರು.

"ನಾನು ಆಂಜನಪ್ಪ ಕಣ್ರಮ್ಮಾ. ನನ್ನ ಬೆವ್ರಲ್ವಂತೆ, ನಿಮ್ಮ ಗಂಜಲವಂತೆ. ಅಲ್ಲಿರೋರ್ಗೂ ವಸಿ ಹೇಳ್‌ಬುಡಿ. ತಡೀರಿ, ಯಜಮಾನ್ರಿಗೆ ಕೊಡ್ತೀನಿ."

ಮೊಬೈಲು ಹಿಡಿದ ಕೈಯನ್ನು ನೀಡಿದ. ಏಕಾಂತಯ್ಯನವರು ಬೆರಳಿನಿಂದ ಕೌಂಟರು ತೋರಿಸಿದರು. ಅಲ್ಲಿಡಬೇಕು, ಆಮೇಲೆ ತಾವು ಎತ್ತಿಕೊಳ್ಳುತ್ತಾರೆ.

ಆಂಜನಪ್ಪನ ಕೈ ಕದಲಲಿಲ್ಲ.

"ಅಮ್ನೋರು ಕಾಯ್ತಾವ್ರೆ. ಈಸ್ಕಳಿ ಯಜಮಾನ್ರೆ."

ವರ್ತಕರೆಲ್ಲ ಆ ಎರಡು ಕೈಗಳನ್ನೇ ನೋಡುತ್ತಿದ್ದರು. ಆಂಜನಪ್ಪನ ಅಂಗೈಯೊಳಗಿಂದ ಗಿರಿಜಾಂಬಿಕಾ ಗಂಡನನ್ನು ಕೂಗುತ್ತಲೇ ಇದ್ದರು.