ಕೆಳಮನೆಯವರು

"ತಲೆ ಕಡೆ ಎತ್ತಿ, ಗೋಡೆಗೆ ತಾಗ್ತಿದೆ!"

ಮೆಟ್ಟಿಲಿನ ತಿರುವಿನಲ್ಲಿ ಮೇಲ್ಮನೆಯ ಸಿಸ್ಟರ್ ದೇಹವಿದ್ದ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತ್ತು. ಕೆಳಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪ್ರೂಫ್‌ರೀಡರ್ ಬರಿಗಾಲಲ್ಲೇ ಓಡಿ ಹೋಗಿ ಹೆಗಲು ಕೊಟ್ಟರು. ಹನ್ನೊಂದು ವರ್ಷ ತಮ್ಮ ತಲೆಯ ಮೇಲೆಯೇ ಓಡಾಡಿಕೊಂಡಿದ್ದ ಹೆಂಗಸು ಇಷ್ಟು ಹಗುರವೆಂದು ಅವರಿಗೆ ಗೊತ್ತಿರಲಿಲ್ಲ.

*

ಸಿಸ್ಟರ್ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತರಾದವರು. ಭಾನುವಾರ ಮಧ್ಯಾಹ್ನವಾದರೆ ಮನೆ ತುಂಬ ಸ್ನೇಹಿತರು. ಮೀನು ಹುರಿಯುವ ವಾಸನೆ, ಕುರ್ಚಿಗಳ ಎಳೆದಾಟ, ಗ್ಲಾಸುಗಳ ಕಿಣಿಕಿಣಿ. ಕೆಳಗೆ ಪ್ರೂಫ್‌ರೀಡರ್ ಒಬ್ಬರೇ ತಣ್ಣಗಾದ ಅನ್ನ ಕಲಸುತ್ತ ಮೇಲಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದರು. ಮಾತು ಅರ್ಧಂಬರ್ಧ ಕೇಳಿಸುತ್ತಿತ್ತು, ನಗು ಮಾತ್ರ ಪೂರ್ತಿ. ಸಿಟ್ಟು ನೆತ್ತಿಗೇರಿ ಪೊರಕೆಯ ಕೋಲಿನಿಂದ ಚಾವಣಿಗೆ ಕುಟ್ಟುತ್ತಿದ್ದರು.

ಒಮ್ಮೆ ಸಿಸ್ಟರೇ ಇಳಿದು ಬಂದರು. "ಇಲ್ಲಿಂದ ಕುಟ್ಟೋ ಬದಲು ಮೇಲೇ ಬಂದ್ಬಿಡಿ ಸಾರ್."

"ನನಗೆ ಕೆಲಸ ಇದೆ."

ಕೆಲಸವೇನೂ ಇರಲಿಲ್ಲ. ಇನ್ನೊಂದು ಸಲ ಕರೆದರೆ ಹೋಗಿಬಿಡುವುದೆಂದು ಎಷ್ಟೋ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾದರು. ಯಾರೂ ಕರೆಯಲಿಲ್ಲ.

*

ಮಣ್ಣು ಮಾಡಿ ಬಂದ ಸ್ನೇಹಿತರು ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟರು.

"ಮೇಲೆ ಹೋಗೋಕೆ ಕಾಲೇ ಬರ್ತಿಲ್ಲ," ಎಂದ ಅವರಲ್ಲೊಬ್ಬ, ಆಂಬುಲೆನ್ಸ್ ಡ್ರೈವರ್.

"ನಮ್ಮನೇಲಿ ಕೂತ್ಕೊಳ್ಳಿ," ಪ್ರೂಫ್‌ರೀಡರ್ ಬಾಯಿಂದ ಮಾತು ತಾನಾಗಿ ಜಾರಿತು.

ಗುಂಪಿನಲ್ಲಿದ್ದ ಟೈಲರಮ್ಮ ಕಣ್ಣರಳಿಸಿದಳು. "ಅಯ್ಯೋ, ಪೊರಕೆ ಸಾಹೇಬ್ರು ನೀವೇನಾ?"

ಅವರು ತಲೆ ತಗ್ಗಿಸಿದರು. "ತಪ್ಪಾಯ್ತು. ನಿಮಗೆಲ್ಲ ಬೇಜಾರು ಮಾಡ್ದೆ."

"ಬೇಜಾರೇನು ಬಂತು! ನೀವು ಕುಟ್ಟಿದ ಕೂಡ್ಲೆ ಸಿಸ್ಟರ್ ಗ್ಲಾಸ್ ಎತ್ತೋರು. 'ಕೆಳಮನೆಯವರೂ ಬಂದ್ರು, ಇನ್ನು ಬಡಿಸೋಣ' ಅನ್ನೋರು. ಅಲ್ಲೀವರೆಗೂ ನಮಗೆ ಊಟಾನೇ ಇಲ್ಲ!"

ಹಾಗಾದರೆ ಮತ್ತೆ ಯಾಕೆ ಕರೀಲಿಲ್ಲ? ಉತ್ತರ ಹೇಳಬೇಕಾದವರು ಮಣ್ಣಿನಡಿ ಇದ್ದರು.

ಎಲ್ಲರೂ ಒಳಗೆ ಬಂದು ಕೂತ ಮೇಲೆ ಡ್ರೈವರ್ ಚೀಲದಿಂದ ಬಾಟಲಿ ತೆಗೆದ. "ಈ ಭಾನುವಾರಕ್ಕೆ ಅಂತ ಅವರೇ ತರಿಸಿದ್ದು."

ಪ್ರೂಫ್‌ರೀಡರ್ ಅಡುಗೆಮನೆಗೆ ಧಾವಿಸಿದರು. ಮನೆಯಲ್ಲಿದ್ದದ್ದು ಎರಡೇ ಲೋಟ. ಬಂದವರು ಒಂಬತ್ತು ಜನ. ಸೌಟು, ಔಷಧಿಯ ಅಳತೆ ಮುಚ್ಚಳ, ಎಣ್ಣೆ ಬಟ್ಟಲು, ಶೇವಿಂಗ್ ಮಗ್, ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆದು ತಂದು ಹಂಚಿದರು.

"ಇದ್ರಲ್ಲಿ ಸೋಪಿನ ಘಮ ಸಾರ್!" ಎಂದ ಡ್ರೈವರ್. ಅಳುತ್ತಿದ್ದ ಟೈಲರಮ್ಮನಿಗೂ ನಗು ತಡೆಯಲಿಲ್ಲ.

ಎಲ್ಲರಿಗೂ ಬಗ್ಗಿಸಿದ ಮೇಲೆ ಅವನು ಬಾಟಲಿ ಹಿಡಿದು ಇವರತ್ತ ತಿರುಗಿದ. "ನಿಮಗೆ?"

ಪ್ರೂಫ್‌ರೀಡರ್ ಸುತ್ತ ನೋಡಿದರು. ಮನೆಯಲ್ಲಿ ಇನ್ನು ಒಂದೂ ಪಾತ್ರೆ ಉಳಿದಿರಲಿಲ್ಲ. ಅಂಗಿಯ ತೋಳು ಮೇಲೇರಿಸಿ ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದರು.