ಪ್ಲೇಟಿನ ಇನ್ನೊಂದು ಮಗ್ಗುಲು

ಆಸ್ಟ್ರೇಲಿಯಾದ ಪೋರ್ಟ್ ಪಿರಿಯಲ್ಲಿ ಗ್ಲೆನಿಸಳ ಅಪ್ಪ ಕ್ಲಾರಿ ನಕ್ಕದ್ದನ್ನು ಕಂಡವರು ಕಡಿಮೆ. ಸೀಸ ಕರಗಿಸುವ ಕಾರ್ಖಾನೆಯಿಂದ ಬಂದು, ಸ್ನಾನ ಮಾಡಿ, ಪೇಪರಿನ ಹಿಂದೆ ಮರೆಯಾದನೆಂದರೆ ಮುಗಿಯಿತು. ಅಂಥವನು ಭಾನುವಾರ ಕುರಿಮಾಂಸದ ಊಟವಾದ ಮೇಲೆ ರೇಡಿಯೋಗ್ರಾಮಿನ ಮುಂದೆ ಕೂತರೆ ಮಾತ್ರ ಸದ್ದಿಲ್ಲದ ನಗುವಿಗೆ ಅವನ ಭುಜ ಕುಣಿಯುತ್ತಿತ್ತು. ಆಗ ಹಾಕುತ್ತಿದ್ದದ್ದು ಮರ್ವ್ ಮಾಮ ಅಡಿಲೇಡಿನಿಂದ ತಂದುಕೊಟ್ಟ ಹಾಸ್ಯದ ಗ್ರಾಮಫೋನ್ ಪ್ಲೇಟು. ಒಬ್ಬನೇ ಮನುಷ್ಯ ಕುರಿ ಕಾಯುವವನಾಗಿ, ಅವನ ಅತ್ತೆಯಾಗಿ, ಪೊಲೀಸಿನವನಾಗಿ ಮಾತಾಡುತ್ತಿದ್ದ. ಒಂಬತ್ತು ವರ್ಷದ ಗ್ಲೆನಿಸಳಿಗೂ ತಮ್ಮ ರಸೆಲನಿಗೂ ಎಲ್ಲ ಬಾಯಿಪಾಠ. ಜೋಕು ಬರುವ ಮೊದಲೇ ನಕ್ಕುಬಿಡುತ್ತಿದ್ದರು.

ಆದರೆ ಒಂದು ಮಗ್ಗುಲು ಮಾತ್ರ. ಇನ್ನೊಂದು ಬರೀ ಪೋಲಿ, ಈ ಮನೆಯಲ್ಲಿ ಹಾಕಕೂಡದು ಎಂದು ಅಮ್ಮ ಐವಿ ತೀರ್ಪು ಕೊಟ್ಟಿದ್ದಳು. ಚರ್ಚಿನಲ್ಲಿ ಹಾಡಿನ ಮೇಳ ನಡೆಸುವವಳು. ಅವಳಿಗೆ ಎದುರಾಡುವವರು ಯಾರು?

ಆ ಚಳಿಗಾಲದಲ್ಲಿ ಗ್ಲೆನಿಸ್ ಒಂದು ದಿನ ಹಲ್ಲುನೋವೆಂದು ಶಾಲೆಯಿಂದ ಬೇಗ ಬಂದಳು. ಹಿತ್ತಲ ಬಾಗಿಲಲ್ಲೇ ಕಾಲು ನಿಂತಿತು. ಒಳಗೆ ಅಮ್ಮ ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಎತ್ತಿಹಿಡಿದು, ಇನ್ನೊಂದು ಕೈಯಲ್ಲಿ ಅಪ್ಪನ ಅಂಗಿಯಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಪ್ಲೇಟಿನ ಆ ಇನ್ನೊಂದು ಮಗ್ಗುಲಲ್ಲಿ ಪಾದ್ರಿಯೊಬ್ಬ ಕೇಳುತ್ತಿದ್ದ, ನಲ್ಲಿ ರಿಪೇರಿಗೆ ಬಂದವನ ಪ್ಯಾಂಟು ನಿಮ್ಮನೆ ಹಗ್ಗದ ಮೇಲೆ ಯಾಕಮ್ಮ ಒಣಗ್ತಿದೆ ಅಂತ.

ಮಗಳನ್ನು ಕಂಡು ಅಮ್ಮನ ಮುಖ ಕೆಂಪಾಯಿತು. ಬೈಗುಳಕ್ಕೆ ಗ್ಲೆನಿಸ್ ಸಿದ್ಧಳಾದಳು.

"ಕೂತ್ಕೋ. ಅಪ್ಪಂಗೆ ಹೇಳಿದ್ಯೋ, ನೋಡು ಮತ್ತೆ," ಎಂದು ಅಮ್ಮ ಪ್ಲೇಟಿನ ಮೇಲಿನ ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ತಂದಿಟ್ಟಳು.

ಗ್ಲೆನಿಸಳಿಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಅಮ್ಮ ನಕ್ಕಾಗಲೆಲ್ಲ ತಾನೂ ನಕ್ಕಳು. ಹಲ್ಲುನೋವು ಎತ್ತ ಹೋಯಿತೋ.

ಮುಂದೆ ಒಂದು ಭಾನುವಾರ ಹೊಸ ಪಾದ್ರಿ ಪ್ರೌಸ್ ಊಟಕ್ಕೆ ಬಂದರು, ಬಹಳ ಮೆದು ಮನುಷ್ಯ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕಿವಿಗೆ ಬಿದ್ದು, ಮಾತಿಗೆಂದು ಕೇಳಿದರು, "ರಿಪೇರಿಯವನಿಗೆ ಹೇಳಿಲ್ವೇನಮ್ಮ?"

ಅಮ್ಮ ತಟ್ಟೆಯನ್ನೇ ನೋಡತೊಡಗಿದಳು. ಗ್ಲೆನಿಸ್ ತುಟಿ ಕಚ್ಚಿಕೊಂಡಳು. ಮೇಜಿನ ಆ ತುದಿಯಿಂದ ಅಪ್ಪ, ಆಲೂಗಡ್ಡೆ ಕತ್ತರಿಸುತ್ತಲೇ, ತಣ್ಣಗೆ ಹೇಳಿದ, "ಬಂದಿದ್ದ. ಪ್ಯಾಂಟು ಇನ್ನೂ ಒಣಗಿಲ್ಲ."

ರಸೆಲನ ಮೂಗಿನಿಂದ ಹಾಲು ಚಿಮ್ಮಿತು. ಅವನೂ ಕದ್ದು ಕೇಳಿದ್ದಾನೆಂದು ಆಗ ಗೊತ್ತಾಯಿತು.

"ಪಾಪ, ಮಳೇಲಿ ನೆಂದಿರ್ಬೇಕು," ಎಂದರು ಪಾದ್ರಿ, ನಿಜವಾದ ಕಾಳಜಿಯಿಂದ.

ಅಮ್ಮ ಕೈವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಬಾಯಿಬಿಟ್ಟು ನಕ್ಕ. ಒರಟು, ದೊಡ್ಡ ನಗು, ಪಕ್ಕದ ಮನೆಯ ನಾಯಿ ಬೊಗಳುವಷ್ಟು. ಏನೆಂದು ತಿಳಿಯದಿದ್ದರೂ ಪಾದ್ರಿಯೂ ಜತೆಗೆ ನಕ್ಕು, ಇನ್ನೊಂದು ತುಂಡು ಮಾಂಸ ಹಾಕಿಸಿಕೊಂಡರು.

ಅವರನ್ನು ಕಳಿಸಿ ಬಂದ ಮೇಲೆ ಅಪ್ಪ ಅಮ್ಮ ಒಬ್ಬರನ್ನೊಬ್ಬರು ನೋಡದೆ ನಿಂತರು.

"ಯಾವಾಗಿಂದ, ಐವಿ?"

"ಮರ್ವ್ ತಂದ ಮಾರನೇ ದಿನದಿಂದ. ನೀನು?"

"ನೀನು ಮೇಳಕ್ಕೆ ಹೋದಾಗೆಲ್ಲ."

ಅಪ್ಪ ಹೋಗಿ ಪ್ಲೇಟು ಮಗುಚಿ ಹಾಕಿದ. ಮಕ್ಕಳನ್ನು ಯಾರೂ ಆಚೆ ಕಳಿಸಲಿಲ್ಲ. ಅದು ಸವೆದು ಮಾತು ಮಸುಕಾಗುವವರೆಗೂ ಅವರ ಭಾನುವಾರಗಳು ಹಾಗೆಯೇ ಕಳೆದವು. ಈಗ ಗ್ಲೆನಿಸ್ ಆ ಜೋಕುಗಳನ್ನು ಹೇಳಿದರೆ ಮೊಮ್ಮಕ್ಕಳು ಸುಮ್ಮನೆ ಮುಖ ನೋಡುತ್ತಾರೆ. ಅವಳೊಬ್ಬಳೇ ನಗುತ್ತಾಳೆ, ಅಮ್ಮ ನಗುತ್ತಿದ್ದ ಜಾಗಗಳಲ್ಲಿ.